ಯುವಿ ದೀಪ ಉರಿದರೆ ಸಾಲದು, ಬೆಳಕು ನೀರಿಗೆ ಮುಟ್ಟಬೇಕು

ಪರಿಚಯದವರ ಅಪಾರ್ಟ್‌ಮೆಂಟಿನಲ್ಲಿ ಯುವಿ ಯಂತ್ರ, ಅಂದರೆ ನೇರಳಾತೀತ ಬೆಳಕಿನಿಂದ ನೀರಿನ ಕ್ರಿಮಿ ಕೊಲ್ಲುವ ಯಂತ್ರ, ಬಿಚ್ಚಿಸಿ ನೋಡಿದೆ. ದೀಪ ಉರಿಯುತ್ತಿತ್ತು. ಅದರ ಸುತ್ತಲಿನ ಗಾಜಿನ ಕೊಳವೆಗೆ ಮಾತ್ರ ಸುಣ್ಣ ಕಟ್ಟಿ, ಹಳೇ ನೀರು ಕಾಯಿಸುವ ಪಾತ್ರೆಯ ತಳದಂತಾಗಿತ್ತು. ಅಷ್ಟೂ ಮನೆಯವರು ಅದೇ ನೀರು ಕುಡಿಯುತ್ತಿದ್ದರು.

ಮೊದಲು ನೀರು ಪರೀಕ್ಷೆ ಮಾಡಿಸಿ. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ, ಗಡಸುತನ (ಕೊಳವೆಗೆ ಕಟ್ಟುವ ಸುಣ್ಣದಂಥ ಲವಣ) ಸುಮಾರು 120 ಮಿಲಿಗ್ರಾಂ ಮೀರಬಾರದು. ನಮ್ಮ ಬೋರ್‌ವೆಲ್ ನೀರು ಎಷ್ಟೋ ಕಡೆ ಇದಕ್ಕಿಂತ ಜಾಸ್ತಿ ಗಡಸು. ಹಾಗಿದ್ದರೆ ಗಡಸುತನ ತೆಗೆಯುವ ಸಾಫ್ಟ್‌ನರ್ ಬೇಕೇ ಬೇಕು.

ಯಂತ್ರ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: ಪಂಪು ಪೂರ್ತಿ ಓಡುವಾಗ, ದೀಪ ಹಳೆಯದಾದ ಮೇಲೂ, ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಯುವಿ ಶಕ್ತಿ ನೀರಿಗೆ ಸಿಗುತ್ತದಾ? ಬೆಳಕು ಅಳೆಯುವ ಸೆನ್ಸರ್ ಇಲ್ಲದ್ದನ್ನು ನಾನಂತೂ ಕೊಳ್ಳುವುದಿಲ್ಲ. ಬೆಳಕು ಕಡಿಮೆಯಾದರೆ, ಕರೆಂಟ್ ಹೋದರೆ ನೀರು ತಾನಾಗಿ ನಿಲ್ಲುವ ವಾಲ್ವ್ ಕೂಡ ಇರಲಿ.

ಜೋಡಿಸುವ ಕ್ರಮ: 5 ಮೈಕ್ರಾನ್ ಫಿಲ್ಟರ್, ಸಾಫ್ಟ್‌ನರ್, ಕೊನೆಗೆ ಯುವಿ. ಯುವಿ ಬೆಳಕು ಕ್ಲೋರಿನ್ನಿನಂತೆ ನೀರಿನಲ್ಲೇ ಉಳಿದು ಮುಂದೆಯೂ ಕ್ರಿಮಿ ಕೊಲ್ಲುವುದಿಲ್ಲ. ಹಾಗಾಗಿ ಅದನ್ನು ಓವರ್‌ಹೆಡ್ ಟ್ಯಾಂಕಿಗಿಂತ ಮೊದಲು ಇಟ್ಟರೆ ಟ್ಯಾಂಕಿನ ಕೊಳೆ ಮತ್ತೆ ಸೇರುತ್ತದೆ. ಪ್ಲಂಬರ್ ‘ತುರ್ತಿಗೆ ಇರಲಿ’ ಎಂದು ಯುವಿ ತಪ್ಪಿಸಿ ನೀರು ಹಾಯುವ ಬೈಪಾಸ್ ಪೈಪ್ ಹಾಕಲು ಬಂದರೆ ಬೇಡ ಎನ್ನಿ. ಯಾರೋ ತೆರೆದು ಮರೆತುಬಿಡುತ್ತಾರೆ.

ಎಲ್ಲರೂ ಎಡವುವುದು ಕೊಳವೆ ತೊಳೆಯುವಾಗ. ಪ್ಲಗ್ ಕಿತ್ತು, ನೀರು ನಿಲ್ಲಿಸಿ, ಒತ್ತಡ ಇಳಿಸಿ. ದೀಪ ತಣ್ಣಗಾಗಲು ಬಿಡಿ. ಮೊದಲು ದೀಪ ತೆಗೆಯಿರಿ, ಆಮೇಲೆ ನಟ್ಟು ಬಿಚ್ಚಿ ಕೊಳವೆಯನ್ನು ನೇರವಾಗಿ ಎಳೆಯಿರಿ. ಸ್ವಲ್ಪ ಓರೆಯಾದರೂ ಪಟ್ ಎಂದು ಒಡೆಯುತ್ತದೆ. ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದ ನೀರಿನಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮುಟ್ಟಿಸಲೇಬೇಡಿ, ಗೀರು ಬೀಳುತ್ತದೆ. ಬರಿಗೈಯಲ್ಲಿ ಹಿಡಿದರೆ ಬೆರಳಿನ ಜಿಡ್ಡು ಅಂಟುತ್ತದೆ, ಹತ್ತಿ ಗ್ಲೌಸ್ ಹಾಕಿ. ನೀರು ಸೋರದಂತೆ ತಡೆಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಹೊಸದು ಕೂರಿಸಿ, ದೀಪ ಹಾಕುವ ಮೊದಲೇ ನೀರು ಬಿಟ್ಟು ಸೋರುತ್ತದಾ ನೋಡಿ. ಒಳಗೆ ಹನಿ ಕಂಡರೆ ಮತ್ತೆ ಬಿಚ್ಚಬೇಕು.

ಕೊಳವೆ ಒಡೆದರೆ ಮಾಮೂಲಿ ಗಾಜಿನದು ತರಬೇಡಿ. ಬೆಲೆ ಕಡಿಮೆ ನಿಜ. ಆದರೆ ಕ್ರಿಮಿ ಕೊಲ್ಲುವ 254 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಆ ಗಾಜು ಹೀರಿಬಿಡುತ್ತದೆ. ಆ ಬೆಳಕನ್ನು ಹಾಯಗೊಡುವ ಕ್ವಾರ್ಟ್ಜ್ ಕೊಳವೆಯೇ ಆಗಬೇಕು.

ದೀಪವನ್ನು ಸುಮಾರು 9,000 ಗಂಟೆಗೆ, ಅಂದರೆ ವರ್ಷಕ್ಕೊಮ್ಮೆ, ಉರಿಯುತ್ತಿದ್ದರೂ ಬದಲಿಸಿ. ಉರಿಯುವ ದೀಪವನ್ನು ಬರಿಗಣ್ಣಲ್ಲಿ ನೋಡಬೇಡಿ. ಹೊಸದಾಗಿ ಜೋಡಿಸಿದಾಗ ಯುವಿಯಿಂದ ನಲ್ಲಿಯವರೆಗಿನ ಪೈಪಿಗೆ ಒಮ್ಮೆ ಕ್ಲೋರಿನ್ ಹಾಯಿಸಿ, ವಾಸನೆ ಹೋಗುವವರೆಗೆ ನೀರು ಬಿಟ್ಟು, ಆಮೇಲೆ ಕುಡಿಯಲು ಶುರುಮಾಡಿ.