ಮದುವೆಯಲ್ಲಿ ‘ಸ್ವಲ್ಪ ಇಲ್ಲಿ ನೋಡಿ’ ಅನ್ನದೆ ದುಡಿಯುವುದು

ನಾನು ಮದುವೆ ಫೋಟೊ ತೆಗೆಯುವ ಕೆಲಸಕ್ಕೆ ಬಂದಿದ್ದು ಬೇರೊಬ್ಬ ಫೋಟೊಗ್ರಾಫರ್ ಜೊತೆ ಎರಡನೇ ಕ್ಯಾಮೆರಾ ಹಿಡಿದು. ಮುಖ್ಯ ಫೋಟೊಗಳೆಲ್ಲ ಅವರ ಪಾಲು. ನನಗೆ ಉಳಿದಿದ್ದು ಬಾಗಿಲು, ಮೆಟ್ಟಿಲು, ಅಲಂಕಾರದ ಕೋಣೆ, ಹಿಂದಿನ ಸಾಲಿನ ಕುರ್ಚಿಗಳು. ಯಾರಿಗೂ ‘ಹೀಗೆ ನಿಲ್ಲಿ, ಹಾಗೆ ನಗಿ’ ಅನ್ನುವಂತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ತೆಗೆಯುತ್ತಾ ಹೋದೆ. ಆಮೇಲೆ ಆಲ್ಬಂ ಆರಿಸಲು ಕೂತಾಗ ಮನೆಯವರು ಜಾಸ್ತಿ ಹೊತ್ತು ನೋಡುತ್ತಿದ್ದದ್ದು ಈ ಫೋಟೊಗಳನ್ನೇ. ಯಾರೂ ನೋಡುತ್ತಿಲ್ಲ ಅಂದುಕೊಂಡು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿರುವ ಅಕ್ಕ. ಗದ್ದಲದ ನಡುವೆ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿರುವ ಅಪ್ಪ. ಇದನ್ನೇ ಪೂರ್ತಿ ಮಾಡಿದರೆ ಹೊಟ್ಟೆಪಾಡು ನಡೆದೀತೇ ಅನ್ನುವ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಹೀಗೆ ಪೋಸ್ ಮಾಡಿಸದೆ ತೆಗೆಯುವುದು ಹೊಸದಾಗಿ ಕಂಡುಹಿಡಿದ ಶೈಲಿ ಏನಲ್ಲ. ಇದರ ಬೇರು ಇರುವುದು ಪತ್ರಿಕೆಗಳ ಫೋಟೊಗ್ರಫಿಯಲ್ಲಿ. 1925ರಲ್ಲಿ ಲೈಕಾ ಅನ್ನುವ ಪುಟ್ಟ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಕೈಯಲ್ಲೇ ಹಿಡಿದು, ಜನರ ನಡುವೆ ಓಡಾಡುತ್ತಾ ತೆಗೆಯುವುದು ಸುಲಭವಾಯಿತು. ಪತ್ರಿಕೆಗಳಿಗೆ ಫೋಟೊ ತೆಗೆಯುತ್ತಿದ್ದ ಆನ್ರಿ ಕಾರ್ತಿಯೆ ಬ್ರೆಸ್ಸಾನ್, ರಾಬರ್ಟ್ ಕಾಪಾ ಮುಂತಾದವರು 1947ರಲ್ಲಿ ಮ್ಯಾಗ್ನಮ್ ಅನ್ನುವ ಫೋಟೊಗ್ರಾಫರುಗಳ ಸಂಸ್ಥೆ ಕಟ್ಟಿದರು. ಅವರ ಕೆಲಸ ನೋಡಿ ಬೆಳೆದವರು ಅದೇ ಕಣ್ಣನ್ನು ಮದುವೆಗೂ ತಂದರು. ಅಮೆರಿಕದ ಡೆನಿಸ್ ರೆಗ್ಗಿ ಅಂಥವರಲ್ಲೊಬ್ಬರು. 1996ರಲ್ಲಿ, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯ ಮಗ ಜಾನ್ ಎಫ್. ಕೆನಡಿ ಜೂನಿಯರ್ ಮದುವೆಯಲ್ಲಿ ಅವರು ತೆಗೆದ ಫೋಟೊ ನೀವೂ ನೋಡಿರಬಹುದು. ಪುಟ್ಟ ಚರ್ಚಿನಿಂದ ಹೊರಗೆ ಬರುತ್ತಾ ಹುಡುಗ ಹುಡುಗಿಯ ಕೈಗೆ ಮುತ್ತಿಡುತ್ತಿದ್ದಾನೆ. ಆ ಫೋಟೊದಲ್ಲಿ ನಾನು ನೋಡುವುದು ಕ್ಯಾಮೆರಾ ಇರುವ ಜಾಗವನ್ನು. ಅವರು ಬಾಗಿಲು ದಾಟುವ ಹೊತ್ತಿಗೆ ಫೋಟೊಗ್ರಾಫರ್ ಎದುರಿಗೆ ಇರಲೇಬೇಕಿತ್ತು, ಅಲ್ವಾ?

ಈ ಕೆಲಸದ ಮುಕ್ಕಾಲು ಪಾಲು ಅದೇ. ಆಗುವುದಕ್ಕಿಂತ ಸ್ವಲ್ಪ ಮುಂಚೆ ಸರಿಯಾದ ಜಾಗದಲ್ಲಿ ನಿಂತಿರುವುದು. ಅದಕ್ಕೆ ಮೊದಲ ಭೇಟಿಯಲ್ಲೇ ನಾನು ಬಟ್ಟೆಯ ಬಣ್ಣ ಕೇಳುವುದಿಲ್ಲ, ಜನರ ಬಗ್ಗೆ ಕೇಳುತ್ತೇನೆ. ಮನೆಯಲ್ಲಿ ಬೇಗ ಅಳುವವರು ಯಾರು? ಯಾರು ದೂರದಿಂದ ಬರುತ್ತಿದ್ದಾರೆ? ಯಾರಿಗೆ ಯಾರ ಜೊತೆ ಮಾತಿಲ್ಲ? ಅಜ್ಜಿ ಎಲ್ಲಿ ಕೂರುತ್ತಾರೆ? ಕೆಲವರಿಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ಹುಡುಗಿಯ ತಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು ಮಾತು ತಡೆಹಿಡಿಯುವ ಆ ಒಂದು ಗಳಿಗೆ ಸಿಗಬೇಕಾದರೆ, ಇಬ್ಬರ ನಡುವಿನ ಕತೆ ನನಗೆ ಒಂದಿಷ್ಟಾದರೂ ಗೊತ್ತಿರಬೇಕು. ಮುಖ್ಯ ಶಾಸ್ತ್ರ ನಡೆಯುವಾಗ ಎಲ್ಲರ ಫೋನುಗಳು ಹುಡುಗ ಹುಡುಗಿಯ ಕಡೆ ತಿರುಗಿರುತ್ತವೆ. ನಾನು ಅವರದ್ದೊಂದಿಷ್ಟು ತೆಗೆದು ಬೆನ್ನು ತಿರುಗಿಸುತ್ತೇನೆ. ನೋಡುತ್ತಿರುವವರ ಮುಖದಲ್ಲಿ ಮದುವೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಅಲಂಕಾರದ ಕೋಣೆಗೆ ಹೋದ ಕೂಡಲೇ ಕಿಟಕಿ ಹುಡುಕುತ್ತೇನೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಒಳಗಿನ ಹಳದಿ ಬಲ್ಬು ಸುಮಾರು 3200, ಹೊರಗಿನ ಹಗಲು 5500ರ ಆಸುಪಾಸು. ಎರಡೂ ಸೇರಿದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಹಾಗಾಗಿ ಎಲ್ಲರೂ ಬರುವ ಮುಂಚೆಯೇ ಕೇಳಿಕೊಂಡು ಬಲ್ಬು ಆರಿಸಿಬಿಡುತ್ತೇನೆ. ಇದೂ ಕೈಯಾಡಿಸಿದ ಹಾಗೇ ಅಲ್ಲವೇ ಅಂತ ಕಟ್ಟುನಿಟ್ಟಿನವರು ಕೇಳುತ್ತಾರೆ. ಇರಬಹುದು. ಮನುಷ್ಯರನ್ನು ಅಲ್ಲಾಡಿಸುವುದಿಲ್ಲ, ದೀಪದ ವಿಷಯದಲ್ಲಿ ಅಷ್ಟು ಮಡಿವಂತಿಕೆ ನನಗಿಲ್ಲ. ಆರಿಸಲು ಆಗದ ಕಡೆ ಕಪ್ಪು ಬಿಳುಪು ಮಾಡುತ್ತೇನೆ.

ಸಲಕರಣೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಕ್ಯಾಮೆರಾ, ಒಂದರಲ್ಲಿ 35 ಮಿ.ಮೀ., ಇನ್ನೊಂದರಲ್ಲಿ 85 ಮಿ.ಮೀ. ಲೆನ್ಸ್. 35 ಅಗಲವಾಗಿ ಕಾಣಿಸುವ ಲೆನ್ಸ್, ಅದಿದ್ದರೆ ಹತ್ತಿರ ಹೋಗಲೇಬೇಕು. ದೂರ ನಿಂತು ಜೂಮ್ ಮಾಡಿದ ಫೋಟೊದಲ್ಲಿ ಹೊರಗಿನವನ ನೋಟ ಇರುತ್ತದೆ, ಅದು ನನಗೆ ಹಿಡಿಸುವುದಿಲ್ಲ. ಒಳಾಂಗಣದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಿಂದ 6400, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್ 2, ಜನ ಓಡಾಡುತ್ತಿದ್ದರೆ ಶಟರ್ (ಬೆಳಕು ಬೀಳುವ ಹೊತ್ತು) 1/250 ಸೆಕೆಂಡ್. ಫೋಟೊ ಸ್ವಲ್ಪ ಕಾಳುಕಾಳಾದರೆ ಯಾರೂ ದೂರುವುದಿಲ್ಲ, ಕಲಸಿಹೋದರೆ ದೂರುತ್ತಾರೆ. ಒಂದು ಎಚ್ಚರಿಕೆ ಮಾತ್ರ: ಸದ್ದು ಬರಬಾರದು ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ, ಎಲ್‌ಇಡಿ ದೀಪದಡಿ ಫೋಟೊಗೆ ಪಟ್ಟೆಪಟ್ಟೆ ಗೆರೆ ಬೀಳಬಹುದು. ಮೊದಲೇ ಒಂದು ತೆಗೆದು ದೊಡ್ಡದು ಮಾಡಿ ನೋಡಿ. ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕುವ ಜಾಗ ಇರಲಿ, ಎರಡಕ್ಕೂ ಒಟ್ಟಿಗೇ ಫೋಟೊ ಹೋಗಲಿ. ಮದುವೆಯನ್ನು ಮತ್ತೆ ಮಾಡಿಸಲು ಆಗುವುದಿಲ್ಲವಲ್ಲ.

ಇಷ್ಟೆಲ್ಲ ಕಲಿತರೂ ಗಿರಾಕಿ ತಾನಾಗಿ ಬರುವುದಿಲ್ಲ. ಮೊದಮೊದಲು ನಾನೂ ಎಲ್ಲರ ಹಾಗೆ ಬೇರೆ ಬೇರೆ ಮದುವೆಗಳ ಚೆಂದದ ಫೋಟೊಗಳನ್ನು ಒಟ್ಟು ಹಾಕಿ ತೋರಿಸುತ್ತಿದ್ದೆ. ನೋಡಿದವರು ‘ಸೂಪರ್’ ಅನ್ನುತ್ತಿದ್ದರು, ಆಮೇಲೆ ‘ನಮಗೂ ಈ ಪೋಸ್ ಮಾಡಿಸಿ’ ಅನ್ನುತ್ತಿದ್ದರು. ಅದು ಪೋಸ್ ಅಲ್ಲ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಒಂದೇ ಮದುವೆಯನ್ನು ಬೆಳಗಿನಿಂದ ರಾತ್ರಿವರೆಗೆ, ಪೂರ್ತಿಯಾಗಿ, ಮನೆಯವರ ಒಪ್ಪಿಗೆ ಪಡೆದು ತೋರಿಸಲು ಶುರುಮಾಡಿದೆ. ಅದರಲ್ಲಿ ಕೆದರಿದ ಕೂದಲು, ಹಠ ಹಿಡಿದ ಮಗು, ಖಾಲಿ ಕುರ್ಚಿ ಎಲ್ಲ ಇತ್ತು. ಕೆಲವರು ಅಲ್ಲಿಗೇ ಹಿಂದೆ ಸರಿದರು. ಉಳಿದವರು ಬುಕ್ ಮಾಡಿದ ಮೇಲೆ ಪೋಸಿನ ಮಾತೇ ಎತ್ತಲಿಲ್ಲ. ಫೋನ್ ಕರೆ ಕಡಿಮೆಯಾಯಿತು, ಕೆಲಸ ಗಟ್ಟಿಯಾಯಿತು. ಈ ದಾರಿಗೆ ಬರುವವರಿಗೆ ನಾನು ಹೇಳುವ ಒಂದೇ ಮಾತು ಇದು: ಆರಿಸಿದ ಫೋಟೊ ತೋರಿಸಬೇಡಿ, ಇಡೀ ದಿನ ತೋರಿಸಿ.

ಹಾಗಂತ ಗ್ರೂಪ್ ಫೋಟೊ ತೆಗೆಯುವುದೇ ಇಲ್ಲ ಅನ್ನುವ ಹಮ್ಮು ಬೇಡ. ಮನೆಯ ಹಿರಿಯರಿಗೆ ಅದು ಬೇಕು, ಮುಂದೆ ಗೋಡೆಗೆ ಹಾಕುವುದೂ ಅದನ್ನೇ. ಯಾರ್‍ಯಾರು ನಿಲ್ಲಬೇಕು ಅನ್ನುವ ಪಟ್ಟಿಯನ್ನು ಮೊದಲೇ ಬರೆಸಿಕೊಂಡು, ಎಲ್ಲರ ಹೆಸರು ಹಿಡಿದು ಕೂಗಬಲ್ಲ ಒಬ್ಬ ಸಂಬಂಧಿಕರನ್ನು ಜೊತೆಗಿಟ್ಟುಕೊಳ್ಳುತ್ತೇನೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎಷ್ಟು ಗಂಟೆ ಇರುತ್ತೇನೆ, ಸುಮಾರು ಎಷ್ಟು ಫೋಟೊ, ಯಾವಾಗ ಕೊಡುತ್ತೇನೆ, ಯಾವುದನ್ನು ಬೇರೆಯವರಿಗೆ ತೋರಿಸಬಹುದು ಅನ್ನುವುದೆಲ್ಲ ಬರಹದಲ್ಲಿ ಇರುತ್ತದೆ. ಮುಂಗಡ ಬರದೆ ತಾರೀಖು ಹಿಡಿದಿಡುವುದಿಲ್ಲ.

ಒಂದು ದಿನದ ಮದುವೆಗೆ 3000 ಫ್ರೇಮ್ ಆರಾಮಾಗಿ ಆಗುತ್ತವೆ. ಕೊಡುವುದು 500-600. ಆರಿಸುವುದು ತೆಗೆಯುವುದಕ್ಕಿಂತ ಕಷ್ಟ. ಮೊದಲ ಸುತ್ತನ್ನು ವೇಗವಾಗಿ ಮುಗಿಸಿ, ಒಂದೆರಡು ದಿನ ಬಿಟ್ಟು ಎರಡನೆಯದಕ್ಕೆ ಕೂರುತ್ತೇನೆ. ಮೂಲೆಯಲ್ಲಿ ನಡೆದ ಜಗಳ, ಯಾರದೋ ಮುಜುಗರದ ಗಳಿಗೆ ಎಷ್ಟೇ ಚೆನ್ನಾಗಿ ಬಂದಿದ್ದರೂ ತೆಗೆದುಹಾಕುತ್ತೇನೆ. ಪತ್ರಿಕೆಯವರಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ. ನಮ್ಮನ್ನು ಮನೆಯವರೇ ಒಳಗೆ ಕರೆದಿರುತ್ತಾರೆ. ಆದರೆ ಅಳು ಇರಲಿ, ಸುಸ್ತು ಇರಲಿ, ಹಾಗೇ ಬಿಡುತ್ತೇನೆ. ಮುಖದ ಚರ್ಮವನ್ನು ಸವರಿ ನುಣುಪು ಮಾಡಿ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ.

ಮದುವೆ ಇಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಅಂತ ತುಂಬಾ ಜನ ಕೇಳುತ್ತಾರೆ. ಮನೆಗಳಲ್ಲಿ ಒಂದು ಮಾಮೂಲಿ ದಿನವನ್ನು ತೆಗೆಯುವ ಕೆಲಸ ಇದೆ. ಹಸುಗೂಸು, ಅಡುಗೆಮನೆ, ಶಾಲೆಗೆ ಹೊರಡುವ ಗಡಿಬಿಡಿ, ಇಂಥವು. ಸಂಪಾದನೆ ಮದುವೆಯಷ್ಟು ಇಲ್ಲ. ಆದರೆ ಕೇಳಿ ಬರುವವರಲ್ಲಿ ಹೆಚ್ಚಿನವರು ಹಿಂದೆ ನಾನೇ ಮದುವೆ ಫೋಟೊ ತೆಗೆದವರು. ಹಾಗಾಗಿ ಹೊಸದಾಗಿ ಏನೂ ವಿವರಿಸಬೇಕಾಗಿಲ್ಲ. ಬಾಗಿಲು ತೆಗೆದು ತಮ್ಮ ಪಾಡಿಗೆ ತಾವು ಕೆಲಸಕ್ಕೆ ಹೋಗುತ್ತಾರೆ.