ಆಟಿಕೆ ಘಟಕದಲ್ಲಿ ಕೆಲಸಗಾರರ ಕಡಿತ: ನನ್ನ ಅನುಭವ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಸಣ್ಣ ಪ್ಲಾಸ್ಟಿಕ್ ಆಟಿಕೆ ಘಟಕವೊಂದರಲ್ಲಿ ನಾನು ವ್ಯವಸ್ಥಾಪಕನಾಗಿದ್ದೆ. ಬಾದಾಮಿಯ ಬನಶಂಕರಿ, ಹುಬ್ಬಳ್ಳಿಯ ಸಿದ್ಧಾರೂಢ ಮಠ, ಗದಗದ ತೋಂಟದಾರ್ಯ ಮಠ, ಹೀಗೆ ಪುಷ್ಯದಿಂದ ಚೈತ್ರದವರೆಗೆ ನಡೆಯುವ ಜಾತ್ರೆಗಳ ಅಂಗಡಿಕಾರರೇ ನಮ್ಮ ಮುಖ್ಯ ಗಿರಾಕಿಗಳು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಗದಗದ ಜಾತ್ರೆಗೆಂದು ತಯಾರಿಸಿದ ಮಾಲೆಲ್ಲ ಗೋದಾಮಿನಲ್ಲೇ ಉಳಿಯಿತು. ಅದೇ ವರ್ಷದ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿದ್ದರಿಂದ ಚೀನಾದ ಮಾಲಿನ ಹಾವಳಿ ತಗ್ಗಿ ನಮಗೆ ಒಳ್ಳೆಯ ದಿನ ಬರುತ್ತದೆಂದು ಮಾಲೀಕರು ನಂಬಿದ್ದರು. ಆದರೆ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾದಾಗ, ಮುದ್ರೆಯಿಲ್ಲದ ನಮ್ಮ ಮಾಲಿಗೂ ಬಾಗಿಲು ಮುಚ್ಚಿತು.

ಜನರನ್ನು ಕಡಿಮೆ ಮಾಡುವ ಮೊದಲು ಮಾಲಿನ ಬಗೆಗಳನ್ನು ಕಡಿಮೆ ಮಾಡಬೇಕೆಂದು ನಾನು ಹಟ ಹಿಡಿದೆ. ಯಾವುದನ್ನು ಕೈಬಿಡುತ್ತೇವೆಂದು ತೀರ್ಮಾನಿಸದೆ ಎಷ್ಟು ಕೈಗಳು ಬೇಕೆಂಬ ಲೆಕ್ಕ ಸಿಗುವುದಿಲ್ಲ. ಡೆನ್ಮಾರ್ಕಿನ ಲೆಗೊ ಕಂಪನಿ 2004ರ ಸುಮಾರಿಗೆ ಭಾರಿ ನಷ್ಟದಲ್ಲಿದ್ದಾಗ ಬಿಡಿಭಾಗಗಳ ಬಗೆಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ತನ್ನ ಮೂಲ ಆಟಿಕೆಗೇ ಮರಳಿ ಚೇತರಿಸಿಕೊಂಡದ್ದನ್ನು ಮಾಲೀಕರ ಮುಂದಿಟ್ಟೆ. ನಮ್ಮಲ್ಲಿ ಆ ತೀರ್ಮಾನವನ್ನು ಸುಲಭಗೊಳಿಸಿದ್ದು ಸುರಕ್ಷತಾ ಪರೀಕ್ಷೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಕಳಚಿದ ಭಾಗವು 31.7 ಮಿಲಿಮೀಟರ್ ವ್ಯಾಸದ, ತಳ ಓರೆಯಾಗಿರುವ ಕೊಳವೆಯೊಳಗೆ ಪೂರ್ತಿ ಇಳಿದರೆ, ಅದು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆಯೆಂದು ಅರ್ಥ. ಅತಿ ಹೆಚ್ಚು ಮಾರಾಟವಾಗುತ್ತಿದ್ದ ನಮ್ಮ ಕೆಂಪು ಲಾರಿಯ ಗಾಲಿ ಜಗ್ಗಿದೊಡನೆ ಕಳಚಿತು, ಕೊಳವೆಗೆ ಹಾಕಿದೊಡನೆ ತಳ ಮುಟ್ಟಿತು. ಆ ಲಾರಿಯ ಡೈಯನ್ನು, ಅಂದರೆ ಅಚ್ಚನ್ನು, ಅಂದೇ ಯಂತ್ರದಿಂದ ಇಳಿಸಿದೆವು. ಗಾಲಿಯ ಆಟಿಕೆಗಳೆಲ್ಲ ಹೋದ ಮೇಲೆ ಜೋಡಣೆ ವಿಭಾಗಕ್ಕೆ ಕೆಲಸವೇ ಉಳಿಯಲಿಲ್ಲ.

ಆ ವಿಭಾಗದಲ್ಲಿದ್ದವರು ಬಹುತೇಕ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಅವರಲ್ಲಿ ಹಿರಿಯರೊಬ್ಬರು, "ಸಾಹೇಬ್ರ, ರೊಕ್ಕ ಇರೂತನಕಾನ ಹೇಳಿ ಕಳಸ್ರಿ, ತೀರಿದ ಮ್ಯಾಲ ಹೇಳಬ್ಯಾಡ್ರಿ" ಎಂದರು. ಇಡೀ ಪ್ರಕ್ರಿಯೆಯಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಸಲಹೆ ಇದೇ. ಮಾಲೀಕರು ಇನ್ನೊಂದು ಜಾತ್ರೆಯ ಹಂಗಾಮು ಕಾದು ನೋಡೋಣವೆಂದರು. ಕಾದಿದ್ದರೆ ಬ್ಯಾಂಕಿನ ಸಾಲದ ಕಂತಿಗೆ ಹಣ ಹೋಗಿ, ಕೆಲಸಗಾರರ ಕೈಗೆ ಏನೂ ಉಳಿಯುತ್ತಿರಲಿಲ್ಲ. ಹೀಗಾಗಿ ಅವರಿಗೆ ಸಲ್ಲಬೇಕಾದ ಮೊತ್ತವನ್ನು ಮೊದಲೇ ಬೇರೆ ಖಾತೆಯಲ್ಲಿ ಇಡಿಸಿದೆ.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಂತೆ, ಒಂದು ವರ್ಷವಾದರೂ ನಿರಂತರವಾಗಿ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಪಗಾರ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಿತ್ತು. ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಪ್ರತ್ಯೇಕ. ಕೊನೆಗೆ ಬಂದವರು ಮೊದಲು ಹೋಗಬೇಕೆಂಬ ನಿಯಮವಿದ್ದುದರಿಂದ ಹಿರಿತನದ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಿದೆವು. ಮೇಲ್ವಿಚಾರಕರು ತಮಗೆ ಬೇಕಾದವರನ್ನು ಉಳಿಸಿಕೊಳ್ಳುತ್ತಾರೆಂಬ ಅನುಮಾನ ಪಟ್ಟಿ ಕಂಡ ಮೇಲೆ ತಣ್ಣಗಾಯಿತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿರುವುದರಿಂದ, ಈಗ ಕಡಿತ ಮಾಡುವವರು ಅದನ್ನೇ ಓದಿಕೊಳ್ಳಬೇಕು. ಅದರಲ್ಲಿ ಕೆಲಸ ಕಳೆದುಕೊಂಡವರ ಮರುಕೌಶಲ ನಿಧಿಗೆ ಇನ್ನೂ ಹದಿನೈದು ದಿನಗಳ ವೇತನವನ್ನು ಉದ್ಯೋಗದಾತರು ಕಟ್ಟಬೇಕಾಗುತ್ತದೆ.

ಉಳಿದ ಯಂತ್ರಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಹಾಗೂ ಎಣಿಕೆಯ ಮಣಿಗಳ ತಯಾರಿಕೆಗೆ ಇಳಿದು, ಜಾತ್ರೆಯ ವ್ಯಾಪಾರ ಬಿಟ್ಟು ಶಿಶುವಿಹಾರಗಳಿಗೂ ಶಾಲಾ ಸಾಮಗ್ರಿಯ ಅಂಗಡಿಗಳಿಗೂ ಮಾರತೊಡಗಿದೆವು. ಮಣಿಗಳನ್ನು ಆ ಕೊಳವೆಯಲ್ಲಿ ಇಳಿಯದಷ್ಟು ದೊಡ್ಡದಾಗಿಯೇ ಮಾಡಿಸಿದೆವು. ಯಂತ್ರ ಖಾಲಿಯಿದ್ದ ಪಾಳಿಗಳಲ್ಲಿ ಬೇರೆ ಕಾರ್ಖಾನೆಗಳ ಪ್ಲಾಸ್ಟಿಕ್ ಭಾಗಗಳನ್ನು ಕೂಲಿಗೆ ಮಾಡಿಕೊಡುವ ಜಾಬ್‌ವರ್ಕ್ ಹಿಡಿದದ್ದರಿಂದ ಕರೆಂಟ್ ಬಿಲ್ಲಿನ ಚಿಂತೆ ಕಡಿಮೆಯಾಯಿತು. ಲಾಭದ ಮಾತು ಆಗ ದೂರವೇ ಇತ್ತು.

ಹೊಸ ಜನರನ್ನು ತೆಗೆದುಕೊಳ್ಳುವಾಗ ಕಡಿತಗೊಂಡವರಿಗೇ ಮೊದಲ ಅವಕಾಶ ಕೊಡಬೇಕೆಂಬುದೂ ಕಾಯ್ದೆಯಲ್ಲಿತ್ತು. ಅಕ್ಷರದ ತುಣುಕುಗಳಿಗೆ ಬೇಡಿಕೆ ಬಂದಾಗ ಹಳೆಯ ಪಟ್ಟಿಯ ಪ್ರಕಾರ ಪತ್ರ ಕಳಿಸಿದೆವು. ವಿಳಾಸ ಬದಲಾಗಿ ಕೆಲವು ಪತ್ರಗಳು ಹಿಂದಿರುಗಿದ್ದರಿಂದ, ಊರಿಗೆ ಹೋಗಿ ತಿಳಿಸಿ ಬರಲು ನಮ್ಮ ಸ್ಟೋರ್‌ಕೀಪರ್ ಅವರನ್ನು ಕಳಿಸಿದೆ.