ಎರಿ ಮಣ್ಣಾಗ ಸಸಿ ಹಚ್ಚೋರಿಗೆ

ಕಲಬುರಗಿಯಾಗ ಸಸಿ ಒಣಗಿದ್ರ ಎಲ್ಲಾರೂ ಬಿಸಲಿಗಿ ಬೈತೀರಿ. ಎಷ್ಟೋ ಸಸಿ ಸಾಯೋದು ಮಳಿಗಾಲದಾಗ, ನಿಮ್ಮ ಕೈಯಿಂದನೇ. ಮಳಿ ಬಿದ್ದ ಮ್ಯಾಲ ಸಲಿಕಿ ಹುಡಕತೀರಿ. ಹಸಿ ಎರಿ ಮಣ್ಣಾಗ ಕುಣಿ ತೋಡಿದ್ರ ಅದರ ಗ್ವಾಡಿ ಗಿಲಾವ್ ಮಾಡಿದಂಗ ನುಣ್ಣಗ ಆಗ್ತದ. ಬೇರು ಆಚಿ ಹೋಗಲಾರದ ಅಲ್ಲೇ ಸುತ್ತತದ, ನೀರು ನಿಂತು ಕೊಳಿತದ. ಬ್ಯಾಸಗ್ಯಾಗೇ ತೋಡ್ರಿ, ಎರಡು ಫೂಟ ಅಗಲ, ಅಷ್ಟೇ ಆಳ. ಬಿಸಲು ತಿನ್ಲಿ. ಮಿರಗ (ಜೂನಿನ ಮೊದಲ ಮಳಿ) ಬರೂದ್ರಾಗ ತೆಗದ ಮಣ್ಣಿಗೆ ಒಂದೆರಡು ಬುಟ್ಟಿ ಗರಸು (ಸಣ್ಣ ಹಳ್ಳಿನ ಮಣ್ಣು), ಒಂದು ಬುಟ್ಟಿ ಹಳೇ ತಿಪ್ಪಿಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕಲಸಿ, ನೆಲಕ್ಕಿಂತ ನಾಕು ಬೆರಳು ಎತ್ತರ ತುಂಬ್ರಿ, ಆಮ್ಯಾಲ ಕುಸಿತದ. ಹಸಿ ಸೆಗಣಿ ಬ್ಯಾಡ್ರಿ, ಬೇರು ಸುಡ್ತದ. ಬೀದರ ಕಡಿ ಕೆಂಪು ಮಣ್ಣಿಗೆ ಗರಸೂ ಬ್ಯಾಡ, ಗೊಬ್ಬರ ಹೆಚ್ಚಿಗಿ ಹಾಕ್ರಿ.

ಚೀಲ ಹರಿಯೋದು, ಸುತ್ತಿದ ಬೇರು ಬಿಡಿಸೋದು ಹೇಳಬೇಕಾ? ಮಾವಿನ ಕಸಿ ಗಂಟು ಮಾತ್ರ ಹುಗಿಬ್ಯಾಡ್ರಿ.

ಈಗ ಗಡಗಿ. ಸಸಿ ಪಕ್ಕ ಮಣ್ಣಿನ ಗಡಗಿ ಹುಗದು ನೀರು ತುಂಬಿದ್ರ, ಅದು ಸಣ್ಣಗ ಜಿನುಗಿ ಬೇರಿಗಿ ಮುಟ್ಟತದ. ಹಿಂದ ಹಿತ್ತಲದಾಗ ಲಿಂಬಿ ಗಿಡದ ಬುಡಕ್ಕ ಗಡಗಿ ಬಾಯಿ ಕಾಣತಿತ್ತು. ಈಗಿನವರು ಹುಗದ್ರೂ ಮನಿಯಾಗಿನ ಹಳೇದ್ನೇ ಹುಗಿತಾರ. ನೀರು ತಂಪು ಮಾಡಲಾರದ ಗಡಗಿ ಸಸಿಗಿ ಏನು ನೀರು ಕೊಡ್ತದ? ಅದರ ಸಣ್ಣ ತೂತು ಮುಚ್ಚಿರ್ತಾವ. ಬಣ್ಣ ಹಚ್ಚಲಾರದ ಹೊಸಾದು, ಅರ್ಧ ಕೊಡ ನೀರು ಹಿಡಿಯೋದು ತರ್ರಿ. ರಾತ್ರಿ ತುಂಬಿ ಇಡ್ರಿ. ಮುಂಜಾನಿ ಮೈ ಬೆವತಿರಬೇಕು, ಹನಿ ಬೀಳಬಾರದು. ಸಸಿ ಹಚ್ಚೋ ದಿನಾನೇ ಅದರಿಂದ ಒಂದೂವರಿ ಗೇಣು ದೂರ ಹುಗೀರಿ, ಆಮ್ಯಾಲ ತೋಡಿದ್ರ ಬೇರು ಕಡಿತದ. ಹೆಂಟಿ ಹಾಕಿ ಮುಚ್ಚಬ್ಯಾಡ್ರಿ. ಮಣ್ಣು ತಾಗಿದಲ್ಲಿಂದನೇ ನೀರು ದಾಟತದ, ಸಂದಿ ಇದ್ರ ಇಲ್ಲ; ಪುಡಿ ಮಣ್ಣು ಸುತ್ತಲೂ ಕೈಲೆ ಒತ್ರಿ. ಬಾಯಿ ಮ್ಯಾಲಿರ್ಲಿ, ರಾಡಿ ಒಳಗ ಬರಬಾರದು. ಸೊಳ್ಳಿ ಹೋಗದಂಗ ಅರಿಬಿ ಕಟ್ಟಿ, ಮ್ಯಾಲ ಫರಸಿ ತುಂಡು ಇಡ್ರಿ. ಮೊದಲನೇ ತಿಂಗಳದಾಗ ಸಸಿಗಿ ಮ್ಯಾಲಿಂದೂ ನೀರು ಕೊಡ್ರಿ, ಬೇರು ಗಡಗೀತನಕ ಮುಟ್ಟಿರಂಗಿಲ್ಲ. ನೆಲಾ ಒಣಗಿದಾಗ ಮೂರು ದಿನಕ್ಕ ಖಾಲಿ ಆಗೋ ಗಡಗಿ ಎಂಟು ದಿನಾ ಆದ್ರೂ ತುಂಬೇ ಇದ್ರ, ಬೋರಿನ ಸವಳು ನೀರಿಗೆ ತೂತು ಕಟ್ಟ್ಯಾವ. ಕೀಳಬ್ಯಾಡ್ರಿ, ಬೇರು ಅದನ್ನ ಅಪ್ಪಿಕೊಂಡಿರ್ತಾವ. ಸ್ವಲ್ಪ ದೂರ ಇನ್ನೊಂದು ಹುಗೀರಿ.

ಬ್ಯಾಸಗ್ಯಾಗ ಪಡುವಣ ದಿಕ್ಕಿಗೆ ತೊಗರಿ ಕಟಗಿ ನಿಲ್ಲಿಸಿ ನೆರಳು ಮಾಡ್ರಿ. ಬುಡಕ್ಕ ಹೊದಿಸಲಿಕ್ಕ ತೊಗರಿ ಹೊಟ್ಟು ಹಾಕ್ತೀರೇನು? ಓಣಿ ಆಡು ಕರದಂಗ. ಒಣ ಎಲಿನೋ, ಕಬ್ಬಿನ ರವದಿನೋ ಹಾಕ್ರಿ, ಕಾಂಡಕ್ಕ ಮಾತ್ರ ತಾಗಿಸಬ್ಯಾಡ್ರಿ.